ಕಾಜಕ್ಕನ ಸೈಕಲ್ಲಿಗೆ ಎಂಜಿನ್ ಬಂದದ್ದು

ಕಾಜಕ್ಕನಿಗೆ ಆ ಹೆಸರು ಅಂಟಿದ್ದು ಕೆಲಸದಿಂದ. ಸಿದ್ಧ ಉಡುಪಿನ ಅಂಗಡಿಯವರು ಹೊಲಿದ ಅಂಗಿಗಳಿಗೆ ಗುಂಡಿ ತೂರುವ ಕಾಜ ಹಾಕಿ, ಗುಂಡಿ ಹಚ್ಚಿ, ನೂಲಿನ ತುದಿ ಕತ್ತರಿಸಿ, ಮಡಿಸಿ ಕೊಡುವುದು ಅವಳ ಕಸುಬು. ಅಂಗಿಗಳು ಮನೆಗೇ ಬರುತ್ತವೆ ಎಂದು ಅವಳ ಗಂಡ ಕೇಳಿದವರಿಗೆ ಹೇಳುತ್ತಿದ್ದ. ಅವೇನು ಕಾಲು ಮೂಡಿ ತಾವಾಗಿ ಬರುತ್ತಿರಲಿಲ್ಲ. ಅವಳೇ ಬಸ್ಸು ಹತ್ತಿ ಹೋಗಿ ಗಂಟು ತರಬೇಕು, ಅವಳೇ ಹೊತ್ತು ಹಿಂತಿರುಗಿಸಬೇಕು. ಬಸ್ಸಿಳಿದ ಮೇಲೆ ಮನೆಯ ತನಕ ಏರು ರಸ್ತೆ. ಗಂಟನ್ನು ಎಡಸೊಂಟದಿಂದ ಬಲಸೊಂಟಕ್ಕೆ ಬದಲಿಸುತ್ತ ಅವಳು ಏದುಸಿರು ಬಿಡುವಾಗ ಇಸ್ತ್ರಿ ಅಂಗಡಿಯವನು, "ಏನ್ ಕಾಜಕ್ಕ, ಅವಳಿ ಜವಳಿನಾ?" ಎಂದು ಕೇಳುತ್ತಿದ್ದ.

"ಹೂಂ ಕಣಪ್ಪ, ನೂರಾರು ಮಕ್ಕಳು. ಒಂದಕ್ಕೂ ಅಪ್ಪ ಇಲ್ಲ," ಎಂದು ಅವಳು ನಿಲ್ಲದೆ ಮುಂದೆ ನಡೆಯುತ್ತಿದ್ದಳು.

ಮನೆಯಲ್ಲಿ ಐವರು. ಕಾಜಕ್ಕ, ಗೋದಾಮೊಂದರಲ್ಲಿ ಗುಮಾಸ್ತನಾಗಿದ್ದ ಗಂಡ, ಶಾಲೆಗೆ ಹೋಗುವ ಮಗಳು, ಅತ್ತೆ ಮತ್ತು ನಾದಿನಿ. ನಾದಿನಿ ಮೋಟಾರು ರಿಪೇರಿ ಅಂಗಡಿಯಲ್ಲಿ ವೈಂಡಿಂಗ್ ಕೆಲಸ ಮಾಡುತ್ತಿದ್ದಳು. ಸುಟ್ಟುಹೋದ ಪಂಪು, ಫ್ಯಾನುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಬದುಕಿಸುವ ಕೆಲಸ. ಮದುವೆ ಬೇಡ ಎಂದಿದ್ದಳು. ಬೇಡ ಎಂದದ್ದು ಹಾಗೇ ನಿಂತೂ ಇತ್ತು. ಅತ್ತೆ ಬಂದವರೆದುರು, "ಅವಳು ನನ್ನ ಮಗಳಲ್ಲ, ಗಂಡುಮಗ," ಎನ್ನುತ್ತಿದ್ದಳು. ನಿಜವಾದ ಗಂಡುಮಗ ಅಲ್ಲೇ ಪೇಪರಿನ ಹಿಂದೆ ಕೂತಿರುತ್ತಿದ್ದ. ತಲೆ ಎತ್ತುತ್ತಿರಲಿಲ್ಲ. ಕಾಜಕ್ಕ ಮಾತ್ರ ಬಂದವರಿಗೆ ಚಹಾ ಸೋಸುತ್ತ ಲೆಕ್ಕ ಹಾಕುತ್ತಿದ್ದಳು: ಈ ಮನೆಯಲ್ಲಿ ಗಂಡುಮಕ್ಕಳು ಇಬ್ಬರಾದರು, ಮನೆಗೆಲಸಕ್ಕೆ ಹೆಣ್ಣು ನಾನೊಬ್ಬಳೇ.

ಸೈಕಲ್ಲು ಕಾಜಕ್ಕನದು. ಅವಳ ಅಪ್ಪ ಬೆಳಿಗ್ಗೆ ಮನೆಮನೆಗೆ ಪೇಪರು ಹಾಕಿ, ಆಮೇಲೆ ಛಾಪಖಾನೆಗೆ ಹೋಗಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮನುಷ್ಯ. ಮಗಳ ಮದುವೆಗೆ ಕೊಡಲು ಅವನ ಹತ್ತಿರ ಬೇರೇನೂ ಇರಲಿಲ್ಲ. ಪೇಪರಿನ ಕಟ್ಟು ಹೊತ್ತು ಹೊತ್ತು ಕ್ಯಾರಿಯರ್ ಬಗ್ಗಿದ್ದ ಸೈಕಲ್ಲನ್ನೇ ಒರೆಸಿ, ಎಣ್ಣೆ ಬಿಟ್ಟು, ಬೆಲ್ಲು ಬದಲಿಸಿ ಕೊಟ್ಟ. ಮದುವೆಯಾದ ಹೊಸತರಲ್ಲಿ ಅವಳು ಅದರಲ್ಲೇ ಅಂಗಿಯ ಗಂಟು ಸಾಗಿಸುತ್ತಿದ್ದಳು. ಬಸುರಾದಾಗ ಅತ್ತೆ ಇಳಿಸಿದಳು. ಬಾಣಂತನ ಮುಗಿದ ಮೇಲೆ ಕೂಸು ಎಳೆಯದು ಎಂದಾಯಿತು. ಕೂಸು ಬೆಳೆದ ಮೇಲೆ ಯಾರೂ ಏನೂ ಹೇಳಲಿಲ್ಲ. ಹತ್ತು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಸೈಕಲ್ಲು ಹಿತ್ತಲ ತಗಡಿನ ಶೆಡ್ಡಿನಲ್ಲಿ ಕೊಕ್ಕೆಗೆ ನೇತುಬಿದ್ದು, ಕಾಜಕ್ಕ ಬಸ್ಸಿನ ಹೆಂಗಸಾದಳು.

ಒಂದು ಸಂಜೆ ಅವಳು ಹಲ್ಲಲ್ಲಿ ದಾರ ಕಚ್ಚಿಕೊಂಡು ಗುಂಡಿ ಹಚ್ಚುತ್ತಿದ್ದಾಗ ನಾದಿನಿ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಒಂದು ಹಳೆಯ ಚಿತ್ರ. ದಪ್ಪ ಟೈರು, ಎತ್ತಿನ ಕೊಂಬಿನಂತೆ ಹಿಂದಕ್ಕೆ ಬಾಗಿದ ಹ್ಯಾಂಡಲ್ಲು, ಉದ್ದನೆಯ ತೆಳು ಟ್ಯಾಂಕು, ಕಾಲ ನಡುವೆ ಪುಟ್ಟ ಎಂಜಿನ್ನು. ಮೋಟಾರ್ ಸೈಕಲ್ಲು ಇನ್ನೂ ಸೈಕಲ್ಲಿನ ಹೊಟ್ಟೆಯಿಂದ ಪೂರ್ತಿ ಹೊರಬಂದಿರದ ಕಾಲದ್ದು.

"ಅತ್ತಿಗೆ, ಶೆಡ್ಡಲ್ಲಿರೋ ಆ ಸೈಕಲ್ ತಗೊಳ್ಲಾ? ನಮ್ಮ ಅಂಗಡೀಲಿ ಒಂದು ಹಳೇ ಮೊಪೆಡ್ ಎಂಜಿನ್ ಬಿದ್ದಿದೆ. ಕೂರಿಸಿದ್ರೆ ಥೇಟ್ ಹೀಗೇ ಆಗುತ್ತೆ. ಆಮೇಲೆ ನಿಮ್ಮ ಗಂಟೂ ಅದ್ರಲ್ಲೇ ಹೋಗುತ್ತೆ ನೋಡಿ."

"ತಗೋ, ತುಕ್ಕು ತಿಂತಾ ಬಿದ್ದಿದೆ," ಎಂದಳು ಕಾಜಕ್ಕ. ದಾರ ಕಡಿದಷ್ಟೇ ಸಲೀಸಾಗಿ.

ಹೊಟ್ಟೆ ಉರಿಯಲು ಶುರುವಾದದ್ದು ಸೈಕಲ್ಲಿನ ತುಕ್ಕು ಬಿಟ್ಟ ಮೇಲೆ. ನಾದಿನಿ ಉಪ್ಪು ಕಾಗದ ಹಿಡಿದು ತಿಕ್ಕಿದಂತೆಲ್ಲ ಅದರ ಮೈ ಬೆಳ್ಳಗೆ ಹೊಳೆಯಿತು. ಇಷ್ಟು ಚಂದದ ಮೈ ಇದರದು ಎಂದು ಕಾಜಕ್ಕನಿಗೇ ಗೊತ್ತಿರಲಿಲ್ಲ. ನಾದಿನಿ ಚೈನಿನ ಒಂದೊಂದು ಕೊಂಡಿಯನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಮಗುವಿನ ಬೆರಳ ಸಂದು ಒರೆಸುವ ಹಾಗೆ ಚಕ್ರದ ಕಡ್ಡಿಗಳನ್ನು ಒರೆಸಿದಳು. ತಾನುಂಡ ತಟ್ಟೆಯನ್ನು ಒಂದು ದಿನವೂ ತೊಳೆದವಳಲ್ಲ ಇವಳು. ಕೊಳೆ ತೆಗೆಯಲು ಇಷ್ಟು ಚೆನ್ನಾಗಿ ಬರುವುದಾದರೆ ಇಷ್ಟು ದಿನ ಆ ಕೈ ಎಲ್ಲಿತ್ತು?

ಆ ಕೈಗಳದ್ದೇ ಒಂದು ದೊಡ್ಡ ಕತೆಯಾಯಿತು. ಅಂಗಡಿಯಿಂದ ಬಂದವಳೇ ನಾದಿನಿ ಶೆಡ್ಡಿಗೆ ಹೋಗಿ ಗ್ರೀಸಿನಲ್ಲಿ ಕೈ ಅದ್ದುತ್ತಿದ್ದಳು. ಅದ್ದಿದ ಮೇಲೆ ಮುಗಿಯಿತು. ನೀರು ತುಂಬಿಸೋಣ ಎಂದರೆ, "ಅಯ್ಯೋ, ಕೈ ನೋಡಿ ಅತ್ತಿಗೆ." ಬಟ್ಟೆ ತೆಗೆದಿಡು ಎಂದರೆ, ಕೈ. ಒಲೆ ನೋಡಿಕೋ ಎಂದರೆ, ಕೈ. ಅತ್ತೆಯೂ, "ಆ ಕೈಲಿ ಅಡುಗೆಮನೆಗೆ ಬರಬೇಡ ಮಾರಾಯ್ತಿ," ಎಂದು ತಾನೇ ದಾರಿ ಮಾಡಿಕೊಟ್ಟಳು. ಕಾಜಕ್ಕ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಬಿಳಿ ಅಂಗಿಗೆ ಕಲೆಯಾಗಬಾರದೆಂದು ದಿನಕ್ಕೆ ಹತ್ತು ಸಲ ತೊಳೆದ ಕೈ. ಚೊಕ್ಕ ಇದ್ದ ತಪ್ಪಿಗೆ ಮನೆಯ ಕೊಳೆಯೆಲ್ಲ ಅದರ ಪಾಲು.

ಅಡುಗೆಮನೆಯ ಸಾಮಾನೂ ಒಂದೊಂದಾಗಿ ಶೆಡ್ಡಿಗೆ ಹೊರಟಿತು. ಚಹಾ ಸೋಸುವ ಜಾಲರಿ ಪೆಟ್ರೋಲು ಸೋಸಲು ಹೋಯಿತು. ಹಳೆಯ ಬಾಣಲೆ ಬೋಲ್ಟು ನೆನೆಹಾಕಲು ಹೋಯಿತು. ಹೊಲಿಗೆ ಯಂತ್ರದ ಎಣ್ಣೆಬುಡ್ಡಿ ಹೋಗಿ ಖಾಲಿಯಾಗಿ ಬಂತು. ಗ್ರೀಸು ಮೆತ್ತಿದ ಬಟ್ಟೆಗಳು ಮಾತ್ರ ಶೆಡ್ಡಿನಿಂದ ಇತ್ತ ಬರುತ್ತಿದ್ದವು. ಕಲ್ಲಿನ ಮೇಲೆ ಅವನ್ನು ಕುಕ್ಕುವಾಗ ಕಾಜಕ್ಕ ಬಟ್ಟೆಯನ್ನಷ್ಟೇ ಕುಕ್ಕುತ್ತಿದ್ದಳೆಂದು ಹೇಳಲಾಗದು.

ಬೀದಿಯವರು ನೋಡಲು ಬಂದರು. ಇಸ್ತ್ರಿಯವನು ಅಂಗಡಿ ಬಿಟ್ಟು ಬಂದು, ಟ್ಯಾಂಕಿನ ಬೆಸುಗೆಯ ಮೇಲೆ ಬೆರಳಾಡಿಸಿ, "ಇದು ಕೈಯಲ್ಲಪ್ಪಾ, ಕೈಚಳಕ," ಎಂದ. ಎಣ್ಣೆಡಬ್ಬಿಯ ತಗಡು ಕತ್ತರಿಸಿ ಮಾಡಿದ ಆ ಟ್ಯಾಂಕಿಗೆ ಕಡುಹಸಿರು ಬಣ್ಣ, ಅಂಚಿಗೆ ಹಳದಿ ಗೆರೆ. ಎಲ್ಲರೂ, "ನಿನ್ನ ಸೈಕಲ್ ನೋಡಿದ್ರೆ ಕಣ್ಣು ತಂಪಾಗುತ್ತೆ," ಎಂದು ನಾದಿನಿಗೆ ಹೇಳುವವರೇ. ಬಂದವರಿಗೆ ಚಹಾ ತಂದಿಟ್ಟ ಕಾಜಕ್ಕ, ನಿನ್ನ ಸೈಕಲ್, ನಿನ್ನ ಸೈಕಲ್ ಎಂಬುದನ್ನು ಕೇಳುತ್ತ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಕೂತಾಗ ಮಗಳು, "ಅಮ್ಮಾ, ನಾನು ದೊಡ್ಡೋಳಾದ್ಮೇಲೆ ಸೋದರತ್ತೆ ಥರ ಆಗ್ತೀನಿ," ಎಂದಳು.

"ಆಗು," ಎಂದಳು ಕಾಜಕ್ಕ. ಮಗಳು ಹಾಗಾಗಲಿ ಎಂದು ಅವಳೇ ಬಯಸಿದ್ದಳು. ಆದರೆ ಮಗಳು ಯಾರ ಥರ ಆಗಬಾರದೆಂದು ತೀರ್ಮಾನಿಸಿದ್ದಾಳೆಂಬುದೂ ಆ ಮಾತಿನೊಳಗೇ ಇತ್ತಲ್ಲ.

ಮರುದಿನ ಶೆಡ್ಡು ಗುಡಿಸಲು ಹೋದಾಗ ಸೈಕಲ್ಲಿನ ಹಿಂಭಾಗ ಬೋಳಾಗಿತ್ತು. ಕ್ಯಾರಿಯರ್ ಇರಲಿಲ್ಲ.

"ಕ್ಯಾರಿಯರ್ ಎಲ್ಲಿ?"

"ಕೊಯ್ದುಬಿಟ್ಟೆ ಅತ್ತಿಗೆ. ಅದರ ಸರಳಲ್ಲೇ ಮುಂದಿನ ದೀಪಕ್ಕೆ ಸ್ಟ್ಯಾಂಡ್ ಮಾಡಿದೀನಿ. ಹಿಂದೆ ಅಷ್ಟು ದೊಡ್ಡ ಕ್ಯಾರಿಯರ್ ಇದ್ರೆ ಹಳೇ ಕಾಲದ ಗಾಡಿ ಅನ್ಸಲ್ಲ. ಹಾಲಿನವನ ಸೈಕಲ್ ಥರ ಕಾಣುತ್ತೆ."

"ಮತ್ತೆ ನನ್ನ ಗಂಟು?"

ನಾದಿನಿಗೆ ಒಂದು ಕ್ಷಣ ಯಾವ ಗಂಟೆಂದು ಹೊಳೆಯಲಿಲ್ಲ. ಆ ಒಂದು ಕ್ಷಣವನ್ನು ಕಾಜಕ್ಕ ಮರೆಯಲಿಲ್ಲ. "ಓ ಅದಾ? ಏನಾದ್ರೂ ಮಾಡೋಣ ಬಿಡಿ," ಎಂದು ನಾದಿನಿ ಮತ್ತೆ ಎಂಜಿನ್ನಿನ ಮೇಲೆ ಬಗ್ಗಿದಳು.

ಕ್ಯಾರಿಯರ್ ಹೋದ ಮೇಲೆ ಆ ಸೈಕಲ್ಲಿನಲ್ಲಿ ತನ್ನದು, ತನ್ನಪ್ಪನದು ಎನ್ನುವಂಥದ್ದು ಏನೂ ಉಳಿಯಲಿಲ್ಲ ಎಂದು ಕಾಜಕ್ಕನಿಗೆ ಅನ್ನಿಸಿತು. ಅದನ್ನು ಮರಳಿ ಪಡೆಯುವುದು ಹೇಗೆ ಎಂದೂ ತಿಳಿಯಲಿಲ್ಲ. ಬಾಯಾರೆ ಕೊಟ್ಟದ್ದನ್ನು ಯಾವ ಬಾಯಲ್ಲಿ ಕೇಳುವುದು?

ಎಂಜಿನ್ನು ಕೂರಿಸಿಯಾಗಿತ್ತು. ಉಳಿದದ್ದು ಕಾರ್ಬೊರೇಟರ್ ಒಂದೇ. ನಾದಿನಿ ಅದನ್ನು ಪೂರ್ತಿ ಬಿಚ್ಚಿ, ಒಂದು ತಟ್ಟೆಯಲ್ಲಿ ಪೆಟ್ರೋಲು ಹಾಕಿ ತೊಳೆದಳು. ಅದರೊಳಗಿನ ಹಿತ್ತಾಳೆಯ ಪುಟ್ಟ ತಿರುಪೊಂದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇದೇ ನೋಡಿ ಅತ್ತಿಗೆ, ಜೆಟ್ಟು. ನಡುವೆ ಕೂದಲಿನಷ್ಟು ತೂತಿದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೇಳೋದು ಇದು. ಈ ಕಂಪನಿ ಮುಚ್ಚಿ ಯಾವ ಕಾಲ ಆಯ್ತೋ, ಹೋದ್ರೆ ಇನ್ನೊಂದು ಸಿಗಲ್ಲ," ಎಂದಿದ್ದಳು. ಹೇಳಿದವಳೇ, ತೊಳೆದ ಕೊಳಕು ಪೆಟ್ರೋಲನ್ನು ಚೆಲ್ಲುವಾಗ ಜೆಟ್ಟನ್ನೂ ಜೊತೆಗೆ ಚೆಲ್ಲಿದಳು. ಚೆಲ್ಲಿದ್ದು ಅವಳಿಗೇ ತಿಳಿಯಲಿಲ್ಲ.

ಬೆಳಿಗ್ಗೆ ಅದು ಕಾಜಕ್ಕನ ಪೊರಕೆಗೆ ಸಿಕ್ಕಿತು. ಬಚ್ಚಲ ಮೋರಿಯ ಅಂಚಿನಲ್ಲಿ, ಕಸದ ನಡುವೆ. ಈ ಮನೆಯಲ್ಲಿ ಕಳೆದುಹೋದ ಏನೇ ಆಗಲಿ ಕೊನೆಗೆ ಅವಳ ಪೊರಕೆಗೇ ಬರಬೇಕು, ಬೇರೆ ಯಾರೂ ನೆಲ ನೋಡುವುದಿಲ್ಲ. ಅವಳು ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ತೂತಿನಲ್ಲಿ ಆಕಾಶದ ಒಂದು ಚುಕ್ಕೆ ಕಂಡಿತು. ಕೊಡಬೇಕು ಎಂದುಕೊಂಡೇ ಒಳಗೆ ಹೋದಳು. ನಡುಮನೆಯಲ್ಲಿ ಅತ್ತೆ ಪಕ್ಕದ ಮನೆಯವಳಿಗೆ, "ನನ್ನ ಮಗಳು ಮಾಡಿದಂಥಾ ಗಾಡಿ ಈ ಊರಲ್ಲೇ ಇಲ್ಲ," ಎನ್ನುತ್ತಿದ್ದಳು. ಕಾಜಕ್ಕ ಗುಂಡಿಯ ಡಬ್ಬಿ ತೆರೆದು ಜೆಟ್ಟನ್ನು ಅದರೊಳಗೆ ಹಾಕಿ, ಕೈಯಾಡಿಸಿ ಮುಚ್ಚಿದಳು. ಗುಂಡಿಗಳ ನಡುವೆ ಇನ್ನೊಂದು ಗುಂಡಿ.

ಸಂಜೆ ಮನೆಯೆಲ್ಲ ಬುಡಮೇಲಾಯಿತು. ನಾದಿನಿ ಶೆಡ್ಡಿನ ಮಣ್ಣನ್ನು ಜರಡಿ ಹಿಡಿದಳು. ಗಂಡ ಕೂಡ ಪೇಪರು ಮಡಿಸಿಟ್ಟು ಬಗ್ಗಿ ಹುಡುಕಿದ. ಅವನು ನೆಲಕ್ಕೆ ಬಗ್ಗಿದ್ದನ್ನು ಕಾಜಕ್ಕ ಅದೇ ಮೊದಲು ಕಂಡದ್ದು.

"ಗುಡಿಸುವಾಗ ಏನಾದ್ರೂ ಸಿಕ್ತಾ?" ಎಂದು ಕೇಳಿದ.

"ಗುಡಿಸುವಾಗ ಕಸ ಸಿಗುತ್ತೆ," ಎಂದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಗಬಾರದೆಂದು ಡಬ್ಬಿಯ ಕಡೆ ನೋಡಲೇ ಇಲ್ಲ.

ನಾದಿನಿ ಬಿಡುವವಳಲ್ಲ. ಹಿತ್ತಾಳೆಯ ಬೇರೊಂದು ತಿರುಪು ತಂದು, ಅದರ ತೂತಿಗೆ ಬೆಸುಗೆ ತುಂಬಿ, ಸೂಜಿಯಿಂದ ಹೊಸ ತೂತು ಮಾಡುತ್ತೇನೆ ಎಂದಳು. "ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಸಣ್ಣ ಸೂಜಿ ಕೊಡಿ ಅತ್ತಿಗೆ." ಕಾಜಕ್ಕ ಸೂಜಿಯ ಪೊಟ್ಟಣ ಬಿಚ್ಚಿ, ಎಲ್ಲಕ್ಕಿಂತ ಸಣ್ಣದನ್ನು ಬೆರಳಿನಿಂದ ಮುಚ್ಚಿಟ್ಟು, ಅದರ ಪಕ್ಕದ್ದನ್ನು ಕೊಟ್ಟಳು. ಆ ಸೂಜಿಯ ತೂತಿನಿಂದ ಎಂಜಿನ್ನು ಕುಡಿಯಬೇಕಾದ್ದಕ್ಕಿಂತ ಹೆಚ್ಚು ಕುಡಿದು, ಕೆಮ್ಮಿ, ಶೆಡ್ಡಿನ ತುಂಬ ಹೊಗೆ ಕಾರಿ ಸುಮ್ಮನಾಯಿತು. ಒಣಹಾಕಿದ್ದ ಬಟ್ಟೆಗಳೆಲ್ಲ ಕರಿಹಿಡಿದವು. ತೊಳೆಯುವವಳು ಯಾರು? ಮಾಡಿದ್ದುಣ್ಣೋ ಮಹಾರಾಯ. ಕಾಜಕ್ಕ ಮತ್ತೊಮ್ಮೆ ತೊಳೆದಳು. ಆದರೂ ಆ ದಿನ ಅವಳ ಒಳಗೆ ಒಂದು ತಂಪಿತ್ತು.

ಆಮೇಲೆ ನಾದಿನಿ ಶೆಡ್ಡಿಗೆ ಹೋಗುವುದನ್ನು ಬಿಟ್ಟಳು. ಕೈಗಳು ಬೆಳ್ಳಗಾದವು. ಬೆಳ್ಳಗಾದ ಕೈಗೆ ಬೇರೆ ದಾರಿ ಕಾಣದೆ ಅವಳು ಅಡುಗೆಮನೆಗೆ ಬಂದಳು. ಪಾತ್ರೆ ತೊಳೆದಳು, ತರಕಾರಿ ಹೆಚ್ಚಿದಳು, ಸಾರನ್ನೂ ತಾನೇ ಮಾಡಿದಳು. ಕಾಜಕ್ಕ ಅಷ್ಟಕ್ಕೇ ಗೆದ್ದೆನೆಂದುಕೊಂಡಳು. ಗೆಲುವು ಒಂದು ಊಟದ ತನಕವೂ ಬಾಳಲಿಲ್ಲ.

"ಪಾಪ, ಹಗಲೆಲ್ಲಾ ದುಡಿದು ಬಂದು ಪಾತ್ರೆ ಬೇರೆ ತಿಕ್ತಿದೆ ಕೂಸು," ಎಂದಳು ಅತ್ತೆ.

ಗಂಡ ಸಾರಿನ ತುತ್ತು ಬಾಯಿಗಿಟ್ಟು, "ಇವತ್ತಿಂದು ಯಾರು ಮಾಡಿದ್ದು? ಚೆನ್ನಾಗಿದೆ ಕಣೇ," ಎಂದು ತಂಗಿಯತ್ತ ನೋಡಿದ. ಉಪ್ಪು ಜಾಸ್ತಿಯಾಗಿತ್ತು. ಅವನು ಎರಡು ಸಲ ನೀರು ಕುಡಿದದ್ದನ್ನು ಕಾಜಕ್ಕ ನೋಡಿದಳು. ಮದುವೆಯಾದಂದಿನಿಂದ ತಾನಿಟ್ಟ ಅನ್ನಕ್ಕೆ ಈ ಮನುಷ್ಯ 'ಯಾರು ಮಾಡಿದ್ದು' ಎಂದು ಕೇಳಿದ್ದುಂಟೇ? ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಗಾಡಿ ಮಾಡಿದರೂ ಅವಳಿಗೇ ಹೊಗಳಿಕೆ, ಪಾತ್ರೆ ತೊಳೆದರೂ ಅವಳಿಗೇ. ತನ್ನ ಕೆಲಸವನ್ನೇ ಅವಳು ಮಾಡಿ, ತನಗೆ ಎಂದೂ ಸಿಗದ ಮಾತನ್ನು ಗಿಟ್ಟಿಸಿಕೊಂಡಳಲ್ಲ!

ರಜೆಯ ದಿನ ಮಧ್ಯಾಹ್ನ. ಅತ್ತೆ ಮಲಗಿದ್ದಳು, ಗಂಡ ಪೇಪರಿನ ಹಿಂದಿದ್ದ. ನಾದಿನಿ ಮೋರಿಯ ಬಳಿ ಕೂತು ಬಾಣಲೆ ತಿಕ್ಕುತ್ತಿದ್ದಳು. ಕಾಜಕ್ಕ ಗುಂಡಿಯ ಡಬ್ಬಿ ತಂದು, ಮೊರದಲ್ಲಿ ಸುರಿದು, ಅಕ್ಕಿಯ ಕಲ್ಲು ಆರಿಸುವ ಹಾಗೆ ಆರಿಸಿ, ಜೆಟ್ಟನ್ನು ನಾದಿನಿಯ ಒದ್ದೆ ಅಂಗೈಯಲ್ಲಿಟ್ಟಳು.

ನಾದಿನಿ ಅದನ್ನು ನೋಡಿದಳು. ಮೊರ ನೋಡಿದಳು. "ಎಲ್ಲಿತ್ತು?"

"ನನ್ನ ಹತ್ರ."

"ಯಾವಾಗಿಂದ?"

"ನೀನು ಚೆಲ್ಲಿದ ಮಾರನೇ ದಿನದಿಂದ."

"ನಾನು ಮಣ್ಣು ಜರಡಿ ಹಿಡೀತಿದ್ದಾಗ…"

"ಪಕ್ಕದಲ್ಲೇ ನಿಂತಿದ್ದೆ. ಸೂಜೀನೂ ದಪ್ಪದ್ದೇ ಕೊಟ್ಟೆ."

ನಾದಿನಿಯ ಕೈಯಿಂದ ಬಾಣಲೆ ಕಲ್ಲಿನ ಮೇಲೆ ಬಿತ್ತು. "ಯಾಕೆ ಅತ್ತಿಗೆ? ನಾನೇನು ಮಾಡಿದ್ದೆ ನಿಮಗೆ?"

"ಹೊಟ್ಟೆ ಉರೀತು, ಇಟ್ಕೊಂಡೆ," ಎಂದಳು ಕಾಜಕ್ಕ. ಹೇಳಿದ ಮೇಲೆ ಅದು ಅಷ್ಟು ಸಣ್ಣ ಮಾತೇ ಎಂದು ಅವಳಿಗೇ ಆಶ್ಚರ್ಯವಾಯಿತು. "ನನ್ನ ಸೈಕಲ್ ನಂಗೆ ಬೇಕು."

"ನೀವೇ ತಗೋ ಅಂದ್ರಲ್ಲ."

"ಅಂದೆ. ಬಾಯಿ ಅಂದುಬಿಡ್ತು. ಈ ಮನೇಲಿ ನನ್ನನ್ನ ಏನೇ ಕೇಳಿದ್ರೂ ತಗೋ ಅನ್ನೋದೇ ಬಾಯಿಗೆ ರೂಢಿ. ಹಾಗಂತ ಕ್ಯಾರಿಯರ್ ಕೊಯ್ಯೋಕೆ ಮೊದಲು ಒಂದು ಮಾತು ಕೇಳಬಾರದಾ?"

"ಹಳೇ ಕಾಲದ ಗಾಡಿ ಅಂದ್ರೆ—"

"ಹಳೇ ಕಾಲದಲ್ಲಿ ಗಂಟು ಹೊರೋರು ಇರಲಿಲ್ವೇನೇ? ಚಿತ್ರ ಬರೆದೋನ ಮನೇಲಿ ಯಾರೋ ಹೊತ್ತು ಹಾಕಿರ್ತಾರೆ, ಅದಕ್ಕೇ ಅವನಿಗೆ ಕಂಡಿಲ್ಲ."

ನಾದಿನಿಗೆ ಸಿಟ್ಟು ಇಳಿದಿರಲಿಲ್ಲ. "ಸರಿ, ಸೈಕಲ್ ನಿಮ್ಮದು. ಎಂಜಿನ್? ಟ್ಯಾಂಕ್? ಎಲ್ಲಾ ಕಿತ್ತು ಕೊಡ್ಲಾ? ನಿಮಗೆ ಆ ಗಾಡಿ ಹೊಡಿಯೋಕಾದ್ರೂ ಬರುತ್ತಾ?"

"ನಿಂಗೆ ಸೈಕಲ್ ಕಲಿಸಿದ್ದು ಯಾರು?"

ಹೊಸದಾಗಿ ಮನೆಗೆ ಬಂದಿದ್ದ ಅತ್ತಿಗೆ, ಅದೇ ಸೈಕಲ್ಲಿನ ಸೀಟು ಹಿಡಿದು, ಈ ಇಳಿಜಾರಿನಲ್ಲಿ ಹಿಂದೆ ಹಿಂದೆ ಓಡಿದ್ದು ನಾದಿನಿಗೆ ನೆನಪಾಯಿತೋ ಏನೋ. ಮೊಣಕಾಲಿನ ಹಳೆಯ ಗಾಯದ ಕಲೆಯ ಮೇಲೆ ಅವಳ ಕೈ ಹೋಯಿತು.

"ಏನು ಬೇಕು ಹೇಳಿ," ಎಂದಳು ಕೊನೆಗೆ.

"ಕ್ಯಾರಿಯರ್ ಹೊಸದು ಮಾಡಿ ಹಾಕು. ಮೊದಲ ಸವಾರಿ ನಂದು. ಅಂಗಡಿಗೆ ಗಂಟು ಒಯ್ಯೋ ದಿನಗಳು ನಂದು. ಮಿಕ್ಕ ದಿನ ನೀನು ಹೊಡ್ಕೋ. ನಾನು ಗಾಡಿ ಹತ್ತಿದ ದಿನ ಅಡುಗೆಮನೆ ನಿಂದು."

"ನಾನೊಬ್ಬಳೇನಾ?"

"ನಿಮ್ಮಣ್ಣನಿಗೂ ಎರಡು ಕೈ ಇದೆ. ಅವುಗಳಲ್ಲಿ ಪೇಪರೊಂದೇ ಹಿಡೀಬೇಕು ಅಂತ ಎಲ್ಲೂ ಬರೆದಿಲ್ಲ."

ಒಳಗೆ ಪೇಪರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಹಾಳೆ ತಿರುವಿದ ಸದ್ದು ಬಂತು. ಅದನ್ನು ಕಾಜಕ್ಕ ಒಪ್ಪಿಗೆ ಎಂದು ಎಣಿಸಿದಳು.

ನಾದಿನಿ ಕ್ಯಾರಿಯರ್ ಮಾಡುವಷ್ಟು ದಿನವೂ ಅತ್ತಿಗೆಯೊಡನೆ ಮಾತಾಡಲಿಲ್ಲ. ಆದರೆ ಕೆಲಸದಲ್ಲಿ ಕಳ್ಳತನ ಮಾಡುವುದು ಅವಳಿಗೆ ತಿಳಿಯದು. ಜೆಟ್ಟನ್ನು ಅದರ ಜಾಗಕ್ಕೆ ಕೂರಿಸಿದಳು. ಸರಳುಗಳನ್ನು ಬಾಗಿಸಿ, ಹಸಿರು ಬಳಿದು, ಅಂಚಿಗೆ ಅದೇ ಹಳದಿ ಗೆರೆ ಎಳೆದಳು. ಮುಗಿದಾಗ ನೋಡಿದವರು, ಇದಿಲ್ಲದೆ ಗಾಡಿ ಇಷ್ಟು ದಿನ ಬಾಲ ಇಲ್ಲದ ನಾಯಿಯ ಹಾಗಿತ್ತು ಎಂದರು.

ಸವಾರಿಯ ದಿನ ಕಾಜಕ್ಕ ಗಂಡನ ಹಳೆಯ ಪ್ಯಾಂಟು ತೊಟ್ಟು ಹೊರಬಂದಳು.

"ಇದೇನೇ ವೇಷ?" ಎಂದಳು ಅತ್ತೆ.

"ನಿಮ್ಮ ಮಗಂದೇ ಅತ್ತೆ. ಒಗೆದಿಟ್ಟಿದ್ದೆ."

ನಾದಿನಿ ಚುಟುಕಾಗಿ ಹೇಳಿಕೊಟ್ಟಳು: ಕ್ಲಚ್ಚು ಹಿಡಿದು ಪೆಡಲು ತುಳಿಯಬೇಕು, ಓಟ ಬಂದ ಮೇಲೆ ಮೆಲ್ಲಗೆ ಬಿಡಬೇಕು, ಆಗ ಎಂಜಿನ್ನು ಹಿಡಿಯುತ್ತದೆ. ಬೀದಿಯವರೆಲ್ಲ ಹೊಸ್ತಿಲಿಗೆ ಬಂದಿದ್ದರು. ಕಾಜಕ್ಕ ಗಂಟನ್ನು ಕ್ಯಾರಿಯರಿಗೆ ಕಟ್ಟಿ, ಇಳಿಜಾರಿನಲ್ಲಿ ತುಳಿದು, ಕ್ಲಚ್ಚು ಬಿಟ್ಟಳು. ಒಂದು ಕೆಮ್ಮು, ಇನ್ನೊಂದು ಕೆಮ್ಮು. ಆಮೇಲೆ ಕಾಲಿನಡಿ ಏನೋ ಜೀವ ಬಂದು ಎಳೆಯಿತು. ತುಳಿಯುತ್ತಿದ್ದ ಕಾಲುಗಳಿಗೆ ಇದ್ದಕ್ಕಿದ್ದಂತೆ ಕೆಲಸವೇ ಇಲ್ಲ. ಕೆಲಸವಿಲ್ಲದ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಒಂದಷ್ಟು ದೂರ ಸುಮ್ಮನೆ ಗಾಳಿಯಲ್ಲಿ ಹಿಡಿದಿದ್ದಳು. ತಿರುವಿನಲ್ಲಿ ಹಿಂದೆ ನೋಡಿದಾಗ ಬೀದಿಯ ನಡುವೆ ನಾದಿನಿ ನಿಂತಿದ್ದಳು. ಎರಡು ಕೈಯನ್ನೂ ಮುಂದೆ ಚಾಚಿ, ಸೀಟು ಈಗಷ್ಟೇ ಕೈತಪ್ಪಿದವಳಂತೆ. ಆ ಮುಖದಲ್ಲಿ ಇದ್ದದ್ದೇನೆಂದು ಕಾಜಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾನು ದಿನವೂ ಕನ್ನಡಿಯಲ್ಲಿ ಕಂಡದ್ದೇ. ಬೇರೆಯವರ ಮುಖದಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದುಕೊಂಡು ಅವಳು ತಿರುವು ದಾಟಿದಳು.

ಆ ಕರಾರು ಇಂದಿಗೂ ನಡೆಯುತ್ತಿದೆ, ಪ್ರೀತಿಯಿಂದಲ್ಲ, ಕಾವಲಿನಿಂದ. ನಾದಿನಿಯ ದಿನಗಳಲ್ಲಿ ಗುಂಡಿ ಹಚ್ಚುತ್ತ ಕೂತ ಕಾಜಕ್ಕನ ಕಿವಿ ಬೀದಿಯಲ್ಲಿರುತ್ತದೆ. ಎಂಜಿನ್ನಿನ ಸದ್ದು ದೂರವಾಗುವಾಗ ಅವಳ ಹೊಲಿಗೆ ತಪ್ಪುತ್ತದೆ, ಬಿಚ್ಚಿ ಮತ್ತೆ ಹಾಕುತ್ತಾಳೆ. ಕಾಜಕ್ಕನ ದಿನಗಳಲ್ಲಿ ಗಂಡ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತಾನೆ, ನಾದಿನಿ ಒಲೆಯ ಮುಂದಿನಿಂದ ಹತ್ತು ಸಲ ಬಾಗಿಲಿಗೆ ಬಂದು ಹೋಗುತ್ತಾಳೆ.

ಮೊನ್ನೆ ಕಾಜಕ್ಕ ಬಂದು ಗಾಡಿ ನಿಲ್ಲಿಸಿದ ಕೂಡಲೇ ನಾದಿನಿ ಶೆಡ್ಡಿಗೆ ಬಂದಳು. ಎಂಜಿನ್ನಿನ ಹತ್ತಿರ ಅಂಗೈ ಒಡ್ಡಿ ಕಾವು ನೋಡಿದಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ತಾಯಿಯ ಹುಬ್ಬುಗಂಟು ಅವಳ ಹಣೆಯಲ್ಲಿತ್ತು.

"ಅಂಗಡಿಗೆ ಹೋಗಿ ಬಂದ್ರೆ ಇಷ್ಟು ಕಾಯಲ್ಲ. ಎಲ್ಲಿಗೆ ಹೋಗಿದ್ರಿ ಅತ್ತಿಗೆ?"

ಕಾಜಕ್ಕ ಕ್ಯಾರಿಯರಿನ ಹಗ್ಗ ಬಿಚ್ಚಿ ಗಂಟನ್ನು ಇಳಿಸಿಕೊಂಡಳು. ಅಂಗಡಿ ದಾಟಿದ ಮೇಲೆ ರಸ್ತೆ ಅಗಲವಾಗುತ್ತದೆ, ಎರಡೂ ಕಡೆ ಬಯಲು ಬರುತ್ತದೆ, ಅಲ್ಲಿ ಯಾರೂ ಅವಳನ್ನು ಕಾಜಕ್ಕ ಎಂದು ಕರೆಯುವುದಿಲ್ಲ.

"ಸಾರಿಗೆ ಉಪ್ಪು ನೋಡಿದ್ಯಾ?" ಎಂದು ಕೇಳಿ ಒಳಗೆ ನಡೆದಳು.